ಕಣ್ಣಿಲ್ಲದ ಬದುಕು ಮತ್ತು ಸ್ವಾವಲಂಬನೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

1

ಕನ್ನಡದ ‘ಕಣ್ಣು’ ಮತ್ತು ‘ಕಾಣು’ ಒಂದೇ ಬೇರಿನ ಪದಗಳು. ‘ಕಾಣು’ ಎಂಬ ಕ್ರಿಯಾಪದ ನೋಡುವುದನ್ನಷ್ಟೇ ಹೇಳುವುದಿಲ್ಲ. ಹಿರಿಯರನ್ನು ಕಂಡು ಬರುವುದು, ಸುಖವನ್ನು ಕಾಣುವುದು, ಸತ್ಯವನ್ನು ಕಂಡುಕೊಳ್ಳುವುದು ಎಂಬ ಪ್ರಯೋಗಗಳಲ್ಲಿ ಅದು ಭೇಟಿಗೆ, ಅನುಭವಕ್ಕೆ, ಅರಿವಿಗೆ ಹೆಸರಾಗುತ್ತದೆ. ಇದರ ಇನ್ನೊಂದು ಮಗ್ಗುಲಾಗಿ ‘ಕುರುಡು’ ಎಂಬ ಪದ ಅರಿವಿನ ಅಭಾವಕ್ಕೆ ಹೆಸರಾಗಿದೆ. ಕುರುಡು ನಂಬಿಕೆ, ಕುರುಡು ಅನುಕರಣೆ, ಕುರುಡು ಅಭಿಮಾನ ಎಂಬ ಮಾತುಗಳನ್ನು ಸಾಹಿತ್ಯ ವಿಮರ್ಶೆಯೂ ಯಾವ ಅಳುಕಿಲ್ಲದೆ ಬಳಸಿಕೊಂಡು ಬಂದಿದೆ. ಜಾತಿ, ಲಿಂಗ, ಪ್ರದೇಶಗಳ ನೆಲೆಯಿಂದ ಭಾಷೆಯ ಪೂರ್ವಗ್ರಹಗಳನ್ನು ಶೋಧಿಸಿದ ಕನ್ನಡ ಅಧ್ಯಯನಗಳಲ್ಲಿ ಕಣ್ಣಿಲ್ಲದವರು ಬಹುಮಟ್ಟಿಗೆ ರೂಪಕವಾಗಿಯೇ ಉಳಿದರು. ಬೆಳಗಾಗುತ್ತಲೇ ಎದ್ದು, ನೀರು ಕಾಯಿಸಿ, ಬಸ್ಸು ಹತ್ತಿ, ಸಂತೆ ಮುಗಿಸಿ ಮನೆಗೆ ಮರಳುವ ಮನುಷ್ಯರಾಗಿ ಅವರು ಚರ್ಚೆಗೆ ಬಂದದ್ದು ಕಡಿಮೆ.

‘ಕುರುಡು ನಾಯಿ ಸಂತೆಗೆ ಬಂದ ಹಾಗೆ’ ಎಂಬ ಗಾದೆಯನ್ನು ಗಮನಿಸಬಹುದು. ಕಣ್ಣಿಲ್ಲದ ಜೀವಕ್ಕೆ ಸಂತೆಯಲ್ಲಿ ಕೆಲಸವಿಲ್ಲ ಎಂಬುದು ಇಲ್ಲಿನ ಗೃಹೀತ. ಸಂತೆಯೆಂದರೆ ದಾರಿ, ದುಡ್ಡು, ಲೆಕ್ಕ, ಮಾತು, ಚೌಕಾಶಿ. ಈ ಗೃಹೀತ ಎಷ್ಟರಮಟ್ಟಿಗೆ ನಿಜ, ಎಷ್ಟರಮಟ್ಟಿಗೆ ಸಂತೆಯೇ ತನ್ನನ್ನು ಹಾಗೆ ಕಟ್ಟಿಕೊಂಡಿದೆ ಎಂಬ ಪ್ರಶ್ನೆ ಪ್ರಸ್ತುತ ಲೇಖನದ ಕೇಂದ್ರದಲ್ಲಿದೆ.

ಆಡಳಿತ ಭಾಷೆಯೂ ಈ ವಿಷಯದಲ್ಲಿ ಸ್ಥಿರವಾಗಿಲ್ಲ. ಅಂಗವಿಕಲ, ವಿಕಲಚೇತನ, ವಿಶೇಷ ಚೇತನ, ದಿವ್ಯಾಂಗ ಎಂದು ಹೆಸರುಗಳು ಒಂದರ ಬೆನ್ನಿಗೆ ಒಂದು ಬಂದಿವೆ. ಇವುಗಳಲ್ಲಿ ‘ವಿಕಲಚೇತನ’ ಎಂಬುದು ಸೌಜನ್ಯದ ಹೆಸರಿನಲ್ಲಿ ರೂಢಿಗೆ ಬಂದ ವಿಪರ್ಯಾಸ. ‘ಅಂಗವಿಕಲ’ ಪದ ಊನವನ್ನು ದೇಹದ ಒಂದು ಭಾಗಕ್ಕೆ ಸೀಮಿತಗೊಳಿಸಿತ್ತು. ‘ವಿಕಲಚೇತನ’ ಅದನ್ನು ಚೇತನಕ್ಕೇ ಹಬ್ಬಿಸಿತು. ಹಳ್ಳಿಯ ಜನ ಮರ್ಯಾದೆಯಿಂದ ಆಡುವ ‘ಕಣ್ಣು ಕಾಣದವರು’ ಎಂಬ ಮಾತು ಇವೆಲ್ಲಕ್ಕಿಂತ ನಿಖರವಾಗಿದೆ. ಇರುಳುಗಣ್ಣು, ಕಣ್ಣು ಮಂಜಾಗುವುದು, ಪೊರೆ ಬರುವುದು, ಚಾಳೀಸು ಎಂದು ದೃಷ್ಟಿಯ ಏರುಪೇರುಗಳನ್ನು ಬೇರೆ ಬೇರೆಯಾಗಿ ಗುರುತಿಸಿದ ಆಡುನುಡಿಗೆ, ಕಾಣುವುದು ಮತ್ತು ಕಾಣದಿರುವುದರ ನಡುವೆ ಹಲವು ಮೆಟ್ಟಿಲುಗಳಿವೆ ಎಂಬುದು ತಿಳಿದಿತ್ತು.

ಕಾನೂನು ಈ ಮೆಟ್ಟಿಲುಗಳನ್ನು ಅಂಕಿಗಳಲ್ಲಿ ಹೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ, ಕನ್ನಡಕದ ನೆರವಿನ ನಂತರವೂ ಉತ್ತಮ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ, ಅಥವಾ ದೃಷ್ಟಿಯ ವ್ಯಾಪ್ತಿ 10 ಡಿಗ್ರಿಗಿಂತ ಕಿರಿದಾಗಿದ್ದರೆ ಅದು ಅಂಧತ್ವ. ಸಾಮಾನ್ಯ ಕಣ್ಣು 60 ಮೀಟರ್ ದೂರದಿಂದ ಗುರುತಿಸುವುದನ್ನು 3 ಮೀಟರ್ ಸಮೀಪಕ್ಕೆ ಬಂದರೂ ಗುರುತಿಸಲಾಗದ ಸ್ಥಿತಿ ಎಂದು ಇದರ ತಾತ್ಪರ್ಯ. 1995ರ ಅಧಿನಿಯಮದಲ್ಲಿ ಈ ಗೆರೆ 6/60 ಆಗಿತ್ತು. ಕಣ್ಣು ಬದಲಾಗದೆ ಗೆರೆ ಮಾತ್ರ ಸರಿದುದರಿಂದ, ಹಿಂದಿನ ಕಾನೂನಿನಲ್ಲಿ ಅಂಧರೆನಿಸಿದ ಕೆಲವರು ಈಗ ಮಂದದೃಷ್ಟಿಯವರೆನಿಸುತ್ತಾರೆ.

2

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರ ಆಗಸ್ಟ್ 15ರಂದು ಈ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದವು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಆಡಳಿತದ ಗಡಿ ಒಂದೇ ಆದರೂ ನೆಲ ಒಂದೇ ಅಲ್ಲ. ಚನ್ನಗಿರಿಯದು ಅಡಿಕೆ ತೋಟ, ಸೂಳೆಕೆರೆ ಮತ್ತು ಭದ್ರಾ ನಾಲೆಯ ನೀರು. ಹೊನ್ನಾಳಿಯದು ತುಂಗಭದ್ರೆಯ ದಡದ ಗದ್ದೆ. ನ್ಯಾಮತಿಯದು ಮೆಕ್ಕೆಜೋಳ ಮತ್ತು ವ್ಯಾಪಾರದ ಪೇಟೆ. ಜಗಳೂರಿನದು ಮಳೆಯನ್ನೇ ನೆಚ್ಚಿದ, ಬರ ಕಂಡು ಬಳಲಿದ ಬಯಲು. ಕಣ್ಣಿಲ್ಲದೆ ನಡೆಯುವವರಿಗೆ ಈ ನಾಲ್ಕೂ ನಾಲ್ಕು ಬಗೆಯ ನೆಲಗಳು. ಗದ್ದೆಯ ಬದುವಿನ ಮೇಲೆ ನಡೆಯುವ ಕಷ್ಟ ಬಯಲಿನ ಕಷ್ಟವಲ್ಲ. ಬದುವಿಗೆ ಅಂಚಾದರೂ ಇರುತ್ತದೆ, ಬಯಲಿಗೆ ಅದೂ ಇಲ್ಲ.

2011ರ ಜನಗಣತಿ ದೇಶದಲ್ಲಿ 2.68 ಕೋಟಿ ವಿಕಲಚೇತನರನ್ನು ಎಣಿಸಿತು. ಅವರಲ್ಲಿ 50 ಲಕ್ಷಕ್ಕೂ ಮಿಗಿಲಾದವರದು ದೃಷ್ಟಿಗೆ ಸಂಬಂಧಿಸಿದ ತೊಂದರೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಂಧತ್ವದ ಪ್ರಮಾಣ ಶೇ. 0.36 ಎಂದು ಕಂಡುಬಂತು. 50 ವರ್ಷ ಮೀರಿದವರ ಅಂಧತ್ವದಲ್ಲಿ ಸುಮಾರು ಮೂರನೆಯ ಎರಡು ಪಾಲಿಗೆ ಚಿಕಿತ್ಸೆಯಿಲ್ಲದೆ ಉಳಿದ ಕಣ್ಣಿನ ಪೊರೆಯೇ ಕಾರಣ. ಪೊರೆ ಶಸ್ತ್ರಚಿಕಿತ್ಸೆಯಿಂದ ಹೋಗುವಂಥದು. ಆದ್ದರಿಂದ ಸರ್ಕಾರದ ಗಮನ ಶಿಬಿರಗಳತ್ತ ಹರಿದದ್ದು ಸಹಜವೇ. ಆದರೆ ಶಿಬಿರದಲ್ಲಿ ‘ನಿಮ್ಮ ಕಣ್ಣಿಗೆ ಇನ್ನು ಏನೂ ಮಾಡುವಂತಿಲ್ಲ’ ಎಂಬ ಮಾತು ಕೇಳಿ ಮನೆಗೆ ಮರಳುವ ವ್ಯಕ್ತಿಗೆ ಮುಂದೇನು ಎಂಬುದನ್ನು ಹೇಳುವವರು ಯಾರು? ವೈದ್ಯಶಾಸ್ತ್ರ ಕೈಚೆಲ್ಲಿದ ಜಾಗದಲ್ಲಿ ಶಿಕ್ಷಣ ಆರಂಭವಾಗಬೇಕು. ಈ ಸೀಮೆಯಲ್ಲಿ ಬಹುಪಾಲು ಆ ಜಾಗದಲ್ಲಿ ಆರಂಭವಾಗುವುದು ಮಾಶಾಸನದ ಅರ್ಜಿ.

3

ಸ್ವಾವಲಂಬನೆ ಎಂದರೆ ಯಾರ ನೆರವೂ ಇಲ್ಲದೆ ಬದುಕುವುದು ಎಂಬ ಅರ್ಥವನ್ನು ಹಿಡಿದರೆ ಹಳ್ಳಿಯಲ್ಲಿ ಯಾರೂ ಸ್ವಾವಲಂಬಿಗಳಲ್ಲ. ನಾಟಿ, ಕೊಯ್ಲು, ಒಕ್ಕಣೆ, ಮದುವೆ, ಮಣ್ಣು ಯಾವುದೂ ಒಬ್ಬರಿಂದ ಆಗುವುದಲ್ಲ. ಇದಕ್ಕೆ ಕನ್ನಡದ ಕೃಷಿಲೋಕ ಕೊಟ್ಟ ಹೆಸರು ಮುಯ್ಯಿ. ಇಂದು ನಿಮ್ಮ ಹೊಲಕ್ಕೆ ಬಂದ ಆಳಿಗೆ ನಾಳೆ ನೀವು ಅವರ ಹೊಲಕ್ಕೆ ಹೋಗಿ ತೀರಿಸುವುದು ಮುಯ್ಯಾಳು. ಮದುವೆಯ ಉಡುಗೊರೆಯೂ ಮುಯ್ಯಿಯೇ. ಪಡೆಯುವುದರಲ್ಲಿ ಇಲ್ಲಿ ಅವಮಾನವಿಲ್ಲ, ತೀರಿಸಲಾಗದೆ ಉಳಿಯುವುದರಲ್ಲಿದೆ. ಕಣ್ಣು ಕಳೆದುಕೊಂಡವರು ಕಳೆದುಕೊಳ್ಳುವ ಎರಡನೆಯ ವಸ್ತು ಈ ಮುಯ್ಯಿಯ ವಲಯದಲ್ಲಿನ ಸ್ಥಾನ. ಅವರಿಗೆ ಊಟ ಸಿಗುತ್ತದೆ, ಬಟ್ಟೆ ಸಿಗುತ್ತದೆ, ಅನೇಕ ಮನೆಗಳಲ್ಲಿ ಅಕ್ಕರೆಯೂ ಸಿಗುತ್ತದೆ. ಆದರೆ ಯಾರೂ ಅವರಿಂದ ಏನನ್ನೂ ಮರಳಿ ಕೇಳುವುದಿಲ್ಲ. ಸ್ವಾವಲಂಬನೆಯನ್ನು ಈ ಲೇಖನದಲ್ಲಿ ಮುಯ್ಯಿ ತೀರಿಸಬಲ್ಲ ಸ್ಥಿತಿ ಎಂಬ ಅರ್ಥದಲ್ಲಿ ಬಳಸಲಾಗಿದೆ.

ನೆರವಿನ ಸ್ವರೂಪದ ಬಗ್ಗೆ ಪುರಾಣಗಳೇ ಮೂರು ಮಾದರಿಗಳನ್ನು ಕೊಟ್ಟಿವೆ. ಬಯಲಾಟ, ಹರಿಕಥೆಗಳ ಮೂಲಕ ಇವು ಎಲ್ಲರಿಗೂ ಪರಿಚಿತ. ಶ್ರವಣಕುಮಾರ ಕುರುಡರಾದ ತಂದೆತಾಯಿಯರನ್ನು ಕಾವಡಿಯಲ್ಲಿ ಕೂರಿಸಿ ಹೊತ್ತ. ಗಾಂಧಾರಿ ಗಂಡನಿಗಿಲ್ಲದ ನೋಟ ತನಗೂ ಬೇಡವೆಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳು. ಸಂಜಯ ಯುದ್ಧಭೂಮಿಯಲ್ಲಿ ನಡೆದುದನ್ನು ನಡೆದಂತೆ ಧೃತರಾಷ್ಟ್ರನಿಗೆ ಹೇಳಿದ. ಸಮಾಜ ಮೊದಲನೆಯದನ್ನು ಪಿತೃಭಕ್ತಿಯೆಂದೂ ಎರಡನೆಯದನ್ನು ಪಾತಿವ್ರತ್ಯವೆಂದೂ ಕೊಂಡಾಡಿತು. ಮೂರನೆಯದನ್ನು ಬರಿಯ ಕಥನತಂತ್ರವೆಂದು ತಿಳಿಯಿತು. ಆದರೆ ಹೊರಿಸಿಕೊಂಡವರು ಕಾಲಿದ್ದೂ ನಡೆಯಲಿಲ್ಲ. ಕಣ್ಣು ಕಟ್ಟಿಕೊಂಡವಳಿಂದ ಆ ಅರಮನೆಗೆ ಇದ್ದ ಎರಡು ಕಣ್ಣುಗಳೂ ಇಲ್ಲವಾದವು. ಇದ್ದುದನ್ನು ಇದ್ದಂತೆ ಹೇಳಿ, ಕೇಳಬೇಕಾದ ಪ್ರಶ್ನೆಯನ್ನೂ ಮಾಡಬೇಕಾದ ತೀರ್ಮಾನವನ್ನೂ ಎದುರಿನವರಿಗೇ ಬಿಟ್ಟವನು ಸಂಜಯನೊಬ್ಬನೇ. ಧೃತರಾಷ್ಟ್ರ ಆ ಮಾಹಿತಿಯಿಂದ ಒಳ್ಳೆಯ ತೀರ್ಮಾನಕ್ಕೆ ಬರಲಿಲ್ಲವೆಂಬುದು ಬೇರೆ ಮಾತು. ಅದು ಕಣ್ಣಿನ ದೋಷವಲ್ಲ.

4

ಕರ್ನಾಟಕದಲ್ಲಿ ಅಂಧರ ಸ್ವಾವಲಂಬನೆಗೆ ಎರಡು ಐತಿಹಾಸಿಕ ಧಾರೆಗಳಿವೆ. ಒಂದು, 1901ರಲ್ಲಿ ಎಂ. ಶ್ರೀನಿವಾಸರಾಯರು ಮೈಸೂರಿನಲ್ಲಿ ಆರಂಭಿಸಿದ ಕಿವುಡ ಮತ್ತು ಅಂಧ ಮಕ್ಕಳ ಶಾಲೆಯಿಂದ ಹೊರಟ ಶಾಲಾ ಧಾರೆ. ಇನ್ನೊಂದು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಸಂಗೀತ ಧಾರೆ. ಎರಡನೆಯದು ಮಧ್ಯ ಮತ್ತು ಉತ್ತರ ಕರ್ನಾಟಕದ ಜನಮನಸ್ಸಿನಲ್ಲಿ ಹೆಚ್ಚು ಆಳವಾಗಿ ಬೇರೂರಿದೆ.

ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟು ಅಂಧರು. ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ಕಲಿತು, ಕಣ್ಣಿಲ್ಲದ ಬಡ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ ಸಂಗೀತ ಕಲಿಸಿದರು. ನಾಟಕ ಸಂಘ ಕಟ್ಟಿ ಅದರ ಆದಾಯದಿಂದ ಶಿಷ್ಯರನ್ನು ಸಲಹಿದರು. ಅವರ ನಂತರ ಆಶ್ರಮದ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳು (1914–2010) ಗಾಯನದ ಜೊತೆಗೆ ಹಲವು ವಾದ್ಯಗಳಲ್ಲಿ ಪರಿಣತರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ರಚಿಸಿದವರು. 2010ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಇಲ್ಲಿ ಗಮನಿಸಬೇಕಾದದ್ದು ಇವರ ಪ್ರತಿಭೆಯನ್ನು ಮಾತ್ರವಲ್ಲ, ವ್ಯವಸ್ಥೆಯನ್ನು. ಕಣ್ಣಿಲ್ಲದವರೇ ಕಣ್ಣಿಲ್ಲದವರಿಗೆ ಕಲಿಸಿದರು. ಕಲಿತವರು ಕಛೇರಿ, ನಾಟಕ, ಪುರಾಣ ಪ್ರವಚನಗಳ ಸಂಗೀತ, ಶಾಲೆಯ ಸಂಗೀತ ಶಿಕ್ಷಕ ವೃತ್ತಿಗಳಿಂದ ಬದುಕಿದರು. ‘ಕುರುಡ’ ಎಂಬ ಹೆಸರಿನ ಜಾಗಕ್ಕೆ ‘ಗವಾಯಿ’ ಎಂಬ ಹೆಸರು ಬಂತು. ಊರು ಕೊಟ್ಟ ಭಿಕ್ಷೆಗೆ ಹಾಡಿನ ಮುಯ್ಯಿ ಸಂದಿತು.

ಆದರೆ ಈ ಧಾರೆ ತನ್ನ ಯಶಸ್ಸಿನಿಂದಲೇ ಒಂದು ಮಿತಿಯನ್ನೂ ಸೃಷ್ಟಿಸಿದೆ. ಕಣ್ಣಿಲ್ಲದ ಮಗು ಹುಟ್ಟಿದರೆ ‘ಗದುಗಿಗೆ ಕಳಿಸಿ’ ಎನ್ನುವುದು ಹಿತವಚನವಾಗಿ ಬೆಳೆಯಿತು. ಎಲ್ಲ ಅಂಧ ಮಕ್ಕಳಿಗೂ ಶ್ರುತಿಜ್ಞಾನ ಇರಬೇಕೆಂದಿಲ್ಲ. ಕಣ್ಣುಳ್ಳ ಮಕ್ಕಳಿಂದ ಯಾರೂ ಹಾಗೆ ನಿರೀಕ್ಷಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಶಾಲೆ ಮತ್ತು ಆಶ್ರಮ ಎರಡೂ ಮಗುವನ್ನು ಊರಿನಿಂದ ಹೊರಕ್ಕೆ ಕರೆದೊಯ್ಯುತ್ತವೆ. ನಲವತ್ತು ದಾಟಿದ ಮೇಲೆ ದೃಷ್ಟಿ ಕಳೆದುಕೊಂಡ ಜಗಳೂರಿನ ರೈತನಿಗೆ, ನ್ಯಾಮತಿಯ ಅಂಗಡಿಯವನಿಗೆ, ಹೊನ್ನಾಳಿಯ ಗೃಹಿಣಿಗೆ ಈ ಎರಡೂ ಧಾರೆಗಳಲ್ಲಿ ಸ್ಥಳವಿಲ್ಲ. ಶಿವಮೊಗ್ಗದ ಶಾರದಾದೇವಿ ಅಂಧರ ವಿಕಾಸ ಕೇಂದ್ರ, ದಾವಣಗೆರೆಯ ಸಂಯುಕ್ತ ಪ್ರಾದೇಶಿಕ ಕೇಂದ್ರಗಳಂತಹ ಸಂಸ್ಥೆಗಳು ಸಮೀಪದ ನಗರಗಳಲ್ಲಿವೆ. ಆದರೆ ನಡೆಯಲು ಕಲಿಯುವುದಕ್ಕೆ ಮೊದಲು ಅಲ್ಲಿಯವರೆಗೆ ಹೋಗಬೇಕು. ಹೋಗಲು ಜೊತೆಗೊಬ್ಬರು ಬೇಕು, ಜೊತೆಗೆ ಬಂದವರ ಅಂದಿನ ಕೂಲಿ ತಪ್ಪುತ್ತದೆ. ಕರ್ನಾಟಕದಲ್ಲಿ ಅಂಧರಿಗೆ ಸಾರಿಗೆ ಸಂಸ್ಥೆಯ ಉಚಿತ ಪಾಸಿದೆ. ಬಸ್ಸು ನಿಲ್ದಾಣಕ್ಕೆ ಬಂದು ನಿಂತಾಗ ಅದು ಯಾವ ಊರಿನದೆಂದು ಹೇಳುವ ಏರ್ಪಾಡು ಪಾಸಿನೊಡನೆ ಬರುವುದಿಲ್ಲ.

5

ಕನ್ನಡದಲ್ಲಿ ‘ಊರುಗೋಲು’ ಇದೆ, ಅಂಧರು ಹಿಡಿಯುವ ‘ಬಿಳಿಕೋಲು’ ಈಚಿನ ಮಾತು. ಎರಡನ್ನೂ ಒಂದೆಂದು ತಿಳಿಯುವುದು ಸಾಮಾನ್ಯ. ಊರುಗೋಲು ದೇಹದ ಭಾರ ಹೊರುತ್ತದೆ. ಅದರ ಸಂಬಂಧ ಕಾಲಿನೊಂದಿಗೆ. ಬಿಳಿಕೋಲು ಭಾರ ಹೊರುವುದಿಲ್ಲ, ಸುದ್ದಿ ತರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಸೈನಿಕರ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ 1944ರ ಹೊತ್ತಿಗೆ ರೂಪಿಸಿದ ಕ್ರಮದಲ್ಲಿ ಕೋಲು ಎದೆಯೆತ್ತರ ಇರುತ್ತದೆ. ಅದನ್ನು ಭುಜದಗಲಕ್ಕೆ ಕಮಾನಿನಂತೆ ಆಡಿಸುತ್ತ ನಡೆಯಬೇಕು. ಬಲಗಾಲು ಮುಂದಿಡುವಾಗ ಕೋಲಿನ ತುದಿ ಎಡಕ್ಕೆ, ಎಡಗಾಲು ಮುಂದಿಡುವಾಗ ಬಲಕ್ಕೆ ಮುಟ್ಟುತ್ತದೆ. ಹೀಗೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಒಂದು ಹೆಜ್ಜೆ ಮೊದಲೇ ಪರೀಕ್ಷಿಸಿರುತ್ತದೆ. ಇದು ಕೈಗೆ ಕೊಟ್ಟೊಡನೆ ಬರುವ ವಿದ್ಯೆಯಲ್ಲ. ದಿನಗಟ್ಟಲೆ ಕಲಿಸುವ ಗುರು ಬೇಕು. ಶಿಬಿರದಲ್ಲಿ ಬಿಳಿಕೋಲು ಹಂಚಿ ಛಾಯಾಚಿತ್ರ ತೆಗೆಸಿಕೊಳ್ಳುವುದು ಕೊಳಲು ಹಂಚಿ ಸಂಗೀತ ಕಲಿಸಿದೆವೆಂದು ಹೇಳಿದಂತೆ.

ಕೋಲಿಗೆ ಕಾಣದ ಅಡ್ಡಿಗಳೂ ಇವೆ. ಅದು ಸೊಂಟದ ಕೆಳಗಿನದನ್ನು ಹೇಳುತ್ತದೆ, ಮೇಲಿನದನ್ನಲ್ಲ. ಓಣಿಯಲ್ಲಿ ಮೂಕಿ ಚಾಚಿ ನಿಂತ ಗಾಡಿ, ನಿಂತ ಟ್ರೇಲರಿನ ಅಂಚು, ಬಟ್ಟೆ ಒಣಹಾಕಿದ ತಂತಿ ಮುಖಕ್ಕೇ ಬಡಿಯುತ್ತವೆ. ದೆಹಲಿಯ ಐಐಟಿ ಅಭಿವೃದ್ಧಿಪಡಿಸಿ 2014ರಲ್ಲಿ ಬಿಡುಗಡೆಯಾದ, ಶ್ರವಣಾತೀತ ಧ್ವನಿಯಿಂದ ಮೇಲಿನ ಅಡ್ಡಿಗಳನ್ನು ಗುರುತಿಸಿ ಕೈಗೆ ಕಂಪನದ ಮೂಲಕ ತಿಳಿಸುವ ಕೋಲು ಈ ಕೊರತೆಯನ್ನು ತುಂಬಲು ಹುಟ್ಟಿದ್ದು. ಆದರೆ ಈ ಸೀಮೆಯಲ್ಲಿ ದಾರಿಯ ನಿಜವಾದ ತೊಡಕು ದಾರಿ ಋತುವಿಗೊಮ್ಮೆ ಬದಲಾಗುವುದು. ಕೊಯ್ಲಿನ ಕಾಲದಲ್ಲಿ ಮೆಕ್ಕೆಜೋಳ, ರಾಗಿ, ಭತ್ತ ಎಲ್ಲವೂ ಡಾಂಬರು ರಸ್ತೆಯ ಮೇಲೆ ಹರಡಿಕೊಳ್ಳುತ್ತವೆ. ರಾಶಿಯ ಸುತ್ತ ಕಲ್ಲುಗಳನ್ನಿಟ್ಟು ಅರ್ಧ ರಸ್ತೆ ಕಣವಾಗುತ್ತದೆ. ಕಣ್ಣಿಲ್ಲದವರು ವರ್ಷವಿಡೀ ಕಾಲಿನಲ್ಲಿ ಬರೆದುಕೊಂಡ ನಕ್ಷೆ ಆ ಒಂದೆರಡು ತಿಂಗಳು ಕೆಲಸಕ್ಕೆ ಬಾರದಾಗುತ್ತದೆ. ಇದಕ್ಕೆ ರೈತರನ್ನು ದೂರುವಂತಿಲ್ಲ. ಕಣಗಳೆಲ್ಲ ಹೊಲವಾಗಿ, ನಿವೇಶನವಾಗಿ ಮಾಯವಾದವು. ಸುಗ್ಗಿಯಲ್ಲಿ ಯಾವ ಬದಿ ತೆರವಿದೆಯೆಂದು ಬೆಳಗ್ಗೆ ಒಂದು ಮಾತು ಹೇಳುವ ನೆರೆಯವರಿದ್ದರೆ ತೊಂದರೆಯ ಅರ್ಧ ಕಳೆಯುತ್ತದೆ. ಸಂಜಯನ ಕೆಲಸವೆಂದರೆ ಇಷ್ಟೇ.

ಆದರೆ ದಾರಿ ಹೇಳುವುದಕ್ಕೂ ಭಾಷೆ ಬೇಕು. ‘ಅಲ್ಲಿದೆ ನೋಡಿ’, ‘ಇತ್ತ ಬನ್ನಿ’ ಎಂಬ ಮಾತುಗಳು ಬೆರಳಿಲ್ಲದೆ ಅರ್ಥ ಕೊಡುವುದಿಲ್ಲ. ಕನ್ನಡದ ಹಳೆಯ ಗ್ರಾಮೀಣ ನುಡಿಯಲ್ಲಿ ಇದಕ್ಕೆ ಪರ್ಯಾಯಗಳು ಸಮೃದ್ಧವಾಗಿವೆ ಎಂಬುದು ಗಮನಾರ್ಹ. ಮೂಡಲು, ಪಡುವಲು, ಬಡಗಲು, ತೆಂಕಲು ಎಂಬ ದಿಕ್ಕುಗಳು ಹೇಳುವವರು ಯಾವ ಕಡೆ ಮುಖ ಮಾಡಿ ನಿಂತಿದ್ದರೂ ಬದಲಾಗುವುದಿಲ್ಲ. ಬೆಳಗಿನ ಬಿಸಿಲು ಯಾವ ಕೆನ್ನೆಗೆ ತಾಗುತ್ತಿದೆಯೆಂದು ತಿಳಿದವರಿಗೆ ಇಷ್ಟು ಸಾಕು. ‘ಕೂಗಳತೆ’ ಎಂಬ ಅಳತೆ ಕಿವಿಯದು. ಗೇಣು, ಚೋಟು, ಮೊಳ, ಮಾರು ಕೈಯವು. ಚಿಟಿಕೆ, ಹಿಡಿ, ಬೊಗಸೆ, ಮೊಳಕಾಲುದ್ದ, ಎದೆಮಟ್ಟ ಎಲ್ಲವೂ ಮೈಯನ್ನೇ ಅಳತೆಗೋಲಾಗಿ ಮಾಡಿಕೊಂಡವು. ಮೆಟ್ರಿಕ್ ಅಳತೆಗಳ ಬರವಿನಿಂದ ಈ ಪದಗಳು ಹಿಂದೆ ಸರಿದಾಗ ಕನ್ನಡ ಕಳೆದುಕೊಂಡದ್ದು ಗ್ರಾಮೀಣ ಸೊಗಡನ್ನು ಮಾತ್ರವಲ್ಲ. ನೋಡದೆ ಅಳೆಯುವ ಒಂದು ಇಡೀ ಪದ್ಧತಿಯನ್ನು.

6

ಮನೆಯೊಳಗೆ ಸ್ವಾವಲಂಬನೆಯ ಮೊದಲ ನಿಯಮ ಇಟ್ಟದ್ದು ಇಟ್ಟಲ್ಲಿಯೇ ಇರುವುದು. ಹೊಸ್ತಿಲು, ಪಡಸಾಲೆ, ನಡುಮನೆ, ಬಚ್ಚಲು, ಹಿತ್ತಿಲು ಎಂಬ ಕ್ರಮವುಳ್ಳ ಹಳೆಯ ಮನೆಯಲ್ಲಿ ಕಾಲಿಗೆ ದಾರಿ ಬೇಗ ಅಭ್ಯಾಸವಾಗುತ್ತದೆ. ಅಡುಗೆ ಬಹುಪಾಲು ಕಿವಿ, ಮೂಗು, ಬೆರಳುಗಳ ಕೆಲಸ. ಕೊಡಕ್ಕೆ ನೀರು ತುಂಬುತ್ತ ಬಂದಂತೆ ಸದ್ದಿನ ಸ್ಥಾಯಿ ಏರುತ್ತದೆ. ಉಕ್ಕುವ ಮುನ್ನ ಹಾಲಿನ ಸದ್ದು ಬದಲಾಗುತ್ತದೆ. ಮುದ್ದೆಯ ಹಿಟ್ಟು ಬೆಂದುದನ್ನು ವಾಸನೆ ಹೇಳುತ್ತದೆ. ರೊಟ್ಟಿಯ ಅಂಚು ತೆಳುವಾಯಿತೋ ಎಂಬುದನ್ನು ತಟ್ಟುವ ಅಂಗೈ ಬಲ್ಲದು. ಕಣ್ಣುಳ್ಳ ಹೆಂಗಸರೂ ಇದನ್ನೆಲ್ಲ ಹೀಗೆಯೇ ತಿಳಿಯುತ್ತಾರೆ, ಹಾಗೆ ತಿಳಿಯುತ್ತಿದ್ದೇವೆಂದು ಗಮನಿಸಿರುವುದಿಲ್ಲವಷ್ಟೆ. ಆದರೂ ಕಣ್ಣು ಹೋದ ಸೊಸೆಯನ್ನು ಮೊದಲು ಒಲೆಯಿಂದ ದೂರವಿಡಲಾಗುತ್ತದೆ. ಬೆಂಕಿಯ ಭಯ ಸುಳ್ಳಲ್ಲ. ಆದರೆ ಒಲೆಯಿಂದ ದೂರವಾದವಳಿಗೆ ಮನೆಯ ತೀರ್ಮಾನಗಳೂ ದೂರವಾಗುತ್ತವೆ. ಅಂಧ ಮಹಿಳೆಯರಿಗೆ ಮಗುವಿನ ಪಾಲನೆಗಾಗಿ ಶಿಶುಪಾಲನಾ ಭತ್ಯೆ ಕೊಡುವ ಯೋಜನೆಯೊಂದು ಕರ್ನಾಟಕದಲ್ಲಿದೆ. ಆ ಮೊತ್ತಕ್ಕಿಂತ ಅದರ ಹಿಂದಿನ ಗ್ರಹಿಕೆ ದೊಡ್ಡದು: ಕಣ್ಣಿಲ್ಲದ ತಾಯಿ ಮಗುವನ್ನು ಸಾಕುತ್ತಾಳೆ ಎಂದು ಸರ್ಕಾರಿ ಆದೇಶವೊಂದು ಒಪ್ಪಿಕೊಂಡಿದೆ.

ದುಡಿಮೆಯಲ್ಲಿಯೂ ಹೀಗೆಯೇ. ಹಾಲು ಕರೆಯುವುದು, ಶೇಂಗಾ ಸುಲಿಯುವುದು, ಹುಣಸೆ ಬಿಡಿಸುವುದು, ಹಗ್ಗ ಹೊಸೆಯುವುದು ಕೈಯ ಕೆಲಸಗಳು. ನಸುಕಿನಲ್ಲಿ ಕೊಟ್ಟಿಗೆಯಲ್ಲಿ ಹಾಲು ಕರೆಯುವವರಲ್ಲಿ ಯಾರು ಕೆಚ್ಚಲನ್ನು ನೋಡಿ ಕರೆಯುತ್ತಾರೆ? ಡೇರಿಗೆ ಹಾಲು ಹಾಕಿ ವಾರದ ಬಟವಾಡೆ ಪಡೆಯುವುದು ಈ ಸೀಮೆಯಲ್ಲಿ ಕಣ್ಣಿಲ್ಲದವರಿಗೆ ಎಟುಕುವ ಗೌರವದ ಸಂಪಾದನೆ. ತೊಡಕು ಕರೆಯುವುದರಲ್ಲಿಲ್ಲ, ಅಳತೆಯ ಯಂತ್ರ ತೋರುವ ಅಂಕಿಯಲ್ಲಿ, ಪಾಸ್‌ಬುಕ್ಕಿನಲ್ಲಿ ಬರೆದ ಲೆಕ್ಕದಲ್ಲಿದೆ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವುದು ಹರಿತವಾದ ಕತ್ತಿಯ ಕೆಲಸವಾದರೂ ಪಳಗಿದ ಕೈಗಳು ಕತ್ತಿಯನ್ನು ನೋಡದೆ ಸುಲಿಯುತ್ತವೆ. ಆದರೆ ಸುಲಿದ ಅಡಿಕೆಯನ್ನು ಬಣ್ಣ ನೋಡಿ ಬೇರ್ಪಡಿಸುವ ಹಂತ ಕಣ್ಣನ್ನೇ ಕೇಳುತ್ತದೆ. ಇಡೀ ಕಸುಬನ್ನು ‘ಆಗುವುದಿಲ್ಲ’ ಎನ್ನದೆ ಅದರ ಯಾವ ಹಂತ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಬಿಡಿಸಿ ನೋಡುವವರು ಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗೌರವಧನದ ಮೇಲೆ ದುಡಿಯುವ, ಸ್ವತಃ ಅಂಗವಿಕಲರೇ ಆದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ಕೆಲಸಕ್ಕೆ ಸಹಜವಾಗಿ ತಕ್ಕವರು. ಅವರ ಹೊತ್ತನ್ನು ಗುರುತಿನ ಚೀಟಿ ಮತ್ತು ಮಾಶಾಸನದ ಕಾಗದಪತ್ರಗಳು ನುಂಗುತ್ತಿರುವಾಗ ‘ಪುನರ್ವಸತಿ’ ಎಂಬುದು ಹುದ್ದೆಯ ಹೆಸರಿನಲ್ಲಿ ಮಾತ್ರ ಉಳಿಯುತ್ತದೆ.

7

ಸಂತೆಯಲ್ಲಿ ದುಡ್ಡನ್ನು ಗುರುತಿಸುವುದು ಇತ್ತೀಚೆಗೆ ಸುಲಭವಾಗಿಲ್ಲ, ಕಷ್ಟವಾಗಿದೆ. ಹಳೆಯ 100 ರೂಪಾಯಿಯ ನೋಟು 157 ಮಿಲಿಮೀಟರ್, 500ರದು 167 ಮಿಲಿಮೀಟರ್ ಉದ್ದವಿದ್ದವು. ಬೆರಳ ಸಂದಿನಲ್ಲಿ ಮಡಿಸಿ ಅಳೆದರೆ ವ್ಯತ್ಯಾಸ ತಿಳಿಯುತ್ತಿತ್ತು. 2016ರ ನಂತರದ ಸರಣಿಯಲ್ಲಿ 100ರ ನೋಟು 142, 200ರದು 146, 500ರದು 150 ಮಿಲಿಮೀಟರ್. ಮೂರರ ಅಗಲವೂ 66. ಎರಡು ನೋಟುಗಳ ನಡುವೆ ಉಳಿದದ್ದು 4 ಮಿಲಿಮೀಟರ್. ಅಂಚಿನಲ್ಲಿ ಉಬ್ಬು ಗೆರೆಗಳೂ ಗುರುತುಗಳೂ ಇವೆ, ಆದರೆ ಕೈಯಿಂದ ಕೈಗೆ ಹೋಗಿ ಸವೆದ ನೋಟಿನಲ್ಲಿ, ಕೆಲಸ ಮಾಡಿ ಒರಟಾದ ಬೆರಳಿಗೆ ಅವು ಸಿಗುವುದು ದುರ್ಲಭ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ನೋಟಿನ ಮೌಲ್ಯವನ್ನು ಮೊಬೈಲ್ ಕ್ಯಾಮೆರಾದ ಮೂಲಕ ಗುರುತಿಸಿ ಹೇಳುವ ‘ಮಣಿ’ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಬೆರಳಿನಿಂದ ಕಿತ್ತುಕೊಂಡದ್ದನ್ನು ಯಂತ್ರದ ಮೂಲಕ ಹಿಂದಿರುಗಿಸಿದಂತೆ ಇದು.

ಇದಕ್ಕೆ ಪ್ರತಿಯಾಗಿ, ಅಂಧರನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಬಂದ ಒಂದು ಸಾಧನ ಅವರಿಗೆ ಅನುಕೂಲವಾಗಿದೆ. ಅಂಗಡಿಗಳ ಮುಂದೆ ‘ಇಷ್ಟು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕನ್ನಡದಲ್ಲಿ ಕೂಗಿ ಹೇಳುವ ಪೆಟ್ಟಿಗೆ, ಕಣ್ಣಿಲ್ಲದ ಅಂಗಡಿಕಾರರಿಗೆ ಯಾರನ್ನೂ ಕೇಳದೆ ಗಲ್ಲಾಪೆಟ್ಟಿಗೆ ನಡೆಸುವ ಶಕ್ತಿ ಕೊಟ್ಟಿದೆ. ಬ್ಯಾಂಕಿನ ಸ್ಥಿತಿ ಬೇರೆ. ಚೆಕ್ ಪುಸ್ತಕ, ಎಟಿಎಂ, ಲಾಕರ್ ಮೊದಲಾದ ಸೌಲಭ್ಯಗಳನ್ನು ದೃಷ್ಟಿಹೀನರಿಗೆ ತಾರತಮ್ಯವಿಲ್ಲದೆ ನೀಡಬೇಕೆಂದು ರಿಸರ್ವ್ ಬ್ಯಾಂಕ್ 2008ರಲ್ಲಿಯೇ ಸೂಚಿಸಿತು. ‘ಜೊತೆಗೆ ಯಾರು ಬಂದಿದ್ದಾರೆ?’ ಎಂದು ಅಂಧ ಗ್ರಾಹಕರನ್ನು ಬಿಟ್ಟು ಪಕ್ಕದವರನ್ನು ಮಾತನಾಡಿಸುವ ರೂಢಿಗೆ ಯಾವ ಸುತ್ತೋಲೆಯೂ ಮದ್ದಲ್ಲ. ಮತಗಟ್ಟೆಯಲ್ಲಿಯೂ ಇದೇ ಆಯ್ಕೆ ಎದುರಾಗುತ್ತದೆ. ಮತಯಂತ್ರದ ಗುಂಡಿಗಳ ಪಕ್ಕ ಬ್ರೈಲ್ ಅಂಕಿಗಳಿವೆ. ಸಹಾಯಕರನ್ನು ಕರೆದೊಯ್ಯಲೂ ನಿಯಮ ಅವಕಾಶ ಕೊಡುತ್ತದೆ. ಬ್ರೈಲ್ ಬಲ್ಲವರ ಮತ ಗುಟ್ಟಾಗಿ ಉಳಿಯುತ್ತದೆ, ಬಾರದವರ ಮತ ಮನೆಯವರೊಬ್ಬರಿಗೆ ತಿಳಿದಿರುತ್ತದೆ.

8

ಹೀಗೆ ದಾರಿಯೂ ದುಡ್ಡೂ ಕೊನೆಗೆ ಅಕ್ಷರಕ್ಕೆ ಬಂದು ನಿಲ್ಲುತ್ತವೆ. ಲೂಯಿ ಬ್ರೈಲ್ (1809–1852) ರೂಪಿಸಿದ ಆರು ಚುಕ್ಕೆಗಳ ಲಿಪಿಯನ್ನು ಭಾರತೀಯ ಭಾಷೆಗಳಿಗೆ ಸಮಾನವಾಗಿ ಹೊಂದಿಸಿದ ಭಾರತಿ ಬ್ರೈಲ್ 1951ರಲ್ಲಿ ಅಂಗೀಕಾರವಾಯಿತು. ಕನ್ನಡ ಬ್ರೈಲ್ ಅದರ ಭಾಗ. ಭಾಷಾಶಾಸ್ತ್ರದ ದೃಷ್ಟಿಯಿಂದ ಇದು ಕುತೂಹಲಕರ. ಕಣ್ಣಿನ ಕನ್ನಡ ಲಿಪಿಯಲ್ಲಿ ಸ್ವರಚಿಹ್ನೆ ವ್ಯಂಜನದ ತಲೆಗೆ, ಬದಿಗೆ, ಬುಡಕ್ಕೆ ಅಂಟಿಕೊಳ್ಳುತ್ತದೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ. ಬ್ರೈಲಿನಲ್ಲಿ ಮೇಲು ಕೆಳಗುಗಳಿಲ್ಲ, ಎಲ್ಲವೂ ಒಂದೇ ಸಾಲು. ‘ಕಿ’ ಎಂದರೆ ಒಂದು ಮತ್ತು ಮೂರನೆಯ ಚುಕ್ಕೆಗಳ ‘ಕ’, ಅದರ ಮುಂದೆ ಎರಡು ಮತ್ತು ನಾಲ್ಕನೆಯ ಚುಕ್ಕೆಗಳ ‘ಇ’. ಸಂಯುಕ್ತಾಕ್ಷರಕ್ಕೆ ಮೊದಲ ವ್ಯಂಜನದ ಹಿಂದೆ ನಾಲ್ಕನೆಯ ಚುಕ್ಕೆಯೊಂದು ಬಂದು, ಮುಂದಿನ ವ್ಯಂಜನದಲ್ಲಿ ‘ಅ’ಕಾರವಿಲ್ಲವೆಂದು ಮೊದಲೇ ಎಚ್ಚರಿಸುತ್ತದೆ. ‘ಕನ್ನಡ’ ಎಂಬ ಮೂರಕ್ಷರದ ಪದ ಬ್ರೈಲಿನಲ್ಲಿ ಐದು ಮನೆಗಳನ್ನು ತುಂಬುತ್ತದೆ: ಕ, ನಾಲ್ಕನೆಯ ಚುಕ್ಕೆ, ನ, ನ, ಡ. ಮೊದಲು ಉಚ್ಚರಿಸುವ ‘ರ್’ ಅನ್ನು ಆಮೇಲೆ ಬರೆಯುವ ಅರ್ಕಾವತ್ತಿನ ಗೊಂದಲ ಬ್ರೈಲ್ ಕಲಿಯುವ ಮಗುವಿಗಿಲ್ಲ. ಅಲ್ಲಿ ‘ಸೂರ್ಯ’ನ ರಕಾರ ನುಡಿದ ಕ್ರಮದಲ್ಲಿಯೇ ಬರುತ್ತದೆ.

ಮೊಬೈಲ್ ಓದಿ ಹೇಳುವ ಕಾಲದಲ್ಲಿ ಬ್ರೈಲ್ ಏಕೆ ಎಂಬ ಪ್ರಶ್ನೆಯನ್ನು ಶಿಕ್ಷಕರೂ ಕೇಳುವುದುಂಟು. ಪ್ರಶ್ನೆ ಹಗುರವಾದದ್ದಲ್ಲ, ಬ್ರೈಲ್ ಪುಸ್ತಕಗಳು ದಪ್ಪ, ದುಬಾರಿ, ಕಡಿಮೆ. ಆದರೆ ಕೇಳುವುದು ಓದುವುದಲ್ಲ. ಈ ಸೀಮೆಯ ಆಡುಮಾತಿನಲ್ಲಿ ‘ಭೂಮಿ’ ‘ಬೂಮಿ’ಯಾಗುತ್ತದೆ, ‘ಧರ್ಮ’ ‘ದರ್ಮ’ವಾಗುತ್ತದೆ, ಶಕಾರ ಷಕಾರಗಳು ಒಂದಾಗುತ್ತವೆ. ಕಿವಿಯಿಂದ ಮಾತ್ರ ಕಲಿತ ವಿದ್ಯಾರ್ಥಿಗೆ ಈ ಭೇದಗಳು ತಿಳಿಯುವ ದಾರಿಯೇ ಇಲ್ಲ. ಪರೀಕ್ಷೆಯಲ್ಲಿ ಲಿಪಿಕಾರರು ಬರೆಯುವುದರಿಂದ ಕೊರತೆ ಹೊರಗೆ ಕಾಣುವುದಿಲ್ಲ. ಲಿಪಿಕಾರರ ಕಾಗುಣಿತಕ್ಕೆ ಬಂದ ಅಂಕ ವಿದ್ಯಾರ್ಥಿಗೆ ಸೇರುತ್ತದೆ, ಅವರ ತಪ್ಪಿಗೆ ಕಳೆದ ಅಂಕವೂ ವಿದ್ಯಾರ್ಥಿಯದೇ. ಕನ್ನಡ ಎಂ.ಎ. ಪದವಿ ಪಡೆದೂ ತನ್ನ ಹೆಸರಿನ ಕಾಗುಣಿತವನ್ನು ಸ್ವತಃ ಮುಟ್ಟಿ ನೋಡದವರನ್ನು ಸಾಕ್ಷರರೆನ್ನಬೇಕೆ ಎಂಬುದು ಕನ್ನಡ ವಿಭಾಗಗಳು ಎದುರಿಸಬೇಕಾದ ಪ್ರಶ್ನೆ.

ಧ್ವನಿಯ ದಾರಿಯೂ ಅಗತ್ಯವೇ, ಮುಖ್ಯವಾಗಿ ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡು ಬೆರಳಿನ ಸೂಕ್ಷ್ಮ ಬೆಳೆಸಿಕೊಳ್ಳಲಾಗದವರಿಗೆ. 2006ರಿಂದ ಬೆಳೆದು ಬಂದ, ಉಚಿತವಾಗಿ ದೊರೆಯುವ ಎನ್‌ವಿಡಿಎ ತೆರೆಓದುಗ ತಂತ್ರಾಂಶ ಕನ್ನಡವನ್ನೂ ಓದುತ್ತದೆ. 2012ರ ಹಕ್ಕುಸ್ವಾಮ್ಯ ತಿದ್ದುಪಡಿ, ಮುದ್ರಿತ ಪುಸ್ತಕಗಳನ್ನು ಅಂಧರು ಓದಬಲ್ಲ ರೂಪಕ್ಕೆ ತರಲು ದಾರಿ ತೆರೆಯಿತು. ಇದೇ ಉದ್ದೇಶದ 2013ರ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಮೊದಲಿಗೆ ಅನುಮೋದಿಸಿದ ದೇಶ ಭಾರತ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರಜಾಲ ಗ್ರಂಥಾಲಯ ಆರಂಭವಾಯಿತು. ಕಾನೂನಿನ ಅಡ್ಡಿ ಹೀಗೆ ಬಹುಮಟ್ಟಿಗೆ ತೊಲಗಿದೆ. ಉಳಿದಿರುವುದು ಕನ್ನಡದ ವಿದ್ವತ್ ಲೋಕವೇ ತಂದುಕೊಂಡ ಅಡ್ಡಿ.

ನುಡಿ, ಬರಹ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ತಂದ ಉಪಕಾರ ದೊಡ್ಡದು. ಆದರೆ ಯೂನಿಕೋಡಿಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪಠ್ಯ ಕಣ್ಣಿಗೆ ಮಾತ್ರ ಕನ್ನಡ. ಗಣಕದೊಳಗೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ತೆರೆಓದುಗ ಅದನ್ನು ಹಾಗೆಯೇ, ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ಸಾವಿರಾರು ಪಿಎಚ್.ಡಿ. ಪ್ರಬಂಧಗಳು, ವಿಚಾರ ಸಂಕಿರಣಗಳ ಸಂಪುಟಗಳು, ವಿಶ್ವವಿದ್ಯಾಲಯಗಳ ಸಂಶೋಧನ ಪತ್ರಿಕೆಗಳು ಈ ರೂಪದಲ್ಲಿ, ಅಥವಾ ಪುಟಗಳ ಬರಿಯ ಚಿತ್ರಗಳಾಗಿ ಉಳಿದಿವೆ. ನ್ಯಾಮತಿಯ ಕಾಲೇಜಿನಿಂದ ಬಂದು ಕನ್ನಡದಲ್ಲಿ ಸಂಶೋಧನೆ ಮಾಡಬಯಸುವ ಅಂಧ ವಿದ್ಯಾರ್ಥಿಗೆ ತನ್ನ ವಿಷಯದ ಹಿಂದಿನ ಅಧ್ಯಯನಗಳನ್ನು ಓದಲು ಇನ್ನೊಬ್ಬರ ಕಣ್ಣು ಬೇಕಾಗುವುದು ಈ ಕಾರಣದಿಂದ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅವು ಅರ್ಕಾವತ್ತು, ಅಪರೂಪದ ಒತ್ತಕ್ಷರ, ಹಳಗನ್ನಡದ ೞ ಮತ್ತು ಱ ಅಕ್ಷರಗಳಲ್ಲಿ ಎಡವುತ್ತವೆ. ಆದ್ದರಿಂದ ಬದಲಿಸಿದ ಪಠ್ಯವನ್ನು ಮೂಲದೊಡನೆ ಹೋಲಿಸಿ ತಿದ್ದುವವರು ಬೇಕು. ಈ ಕೆಲಸಕ್ಕೆ ಬೇಕಾದದ್ದು ಕನ್ನಡದ ಕಾಗುಣಿತ ಬಲ್ಲ, ದಿನಕ್ಕೆ ಹತ್ತು ಪುಟ ಓದುವ ತಾಳ್ಮೆಯುಳ್ಳ ವಿದ್ಯಾರ್ಥಿಗಳು. ಅಂಥವರು ಪ್ರತಿಯೊಂದು ಕನ್ನಡ ವಿಭಾಗದಲ್ಲಿಯೂ ಇದ್ದಾರೆ.